ಆಂಬುಲೆನ್ಸಿನ ಹಿಂಬದಿಯಲ್ಲಿ ಕೂತವರನ್ನು ಕೇಳಿ

ಈ ಸಂಚಿಕೆಯ ‘ಓದುಗರ ಪ್ರಶ್ನೆ’ ಅಂಕಣಕ್ಕೆ ತುರ್ತು ಆಂಬುಲೆನ್ಸ್ ಸೇವೆಯ ದಿನನಿತ್ಯದ ಬದುಕನ್ನು ಕುರಿತು ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಆರಂಭವಾದ 108 ಸೇವೆಯಲ್ಲಿ ಶುಶ್ರೂಷಕರಾಗಿ, ಅಂದರೆ ಚಲಿಸುವ ವಾಹನದಲ್ಲಿ ರೋಗಿಯ ಪಕ್ಕ ಕೂರುವ ಇಎಂಟಿಯಾಗಿ, ಹಲವು ಜಿಲ್ಲೆಗಳಲ್ಲಿ ದುಡಿದವರೊಬ್ಬರು ಉತ್ತರಿಸಿದ್ದಾರೆ. ರೋಗಿಗಳ ಗುರುತು ಸಿಗದಂತೆ ಅವರು ಊರು ಮತ್ತು ಸಂದರ್ಭಗಳನ್ನು ಬದಲಿಸಿದ್ದಾರೆ.

ಅಪ್ಪನಿಗೆ ಉಸಿರಾಟದ ತೊಂದರೆಯಾದಾಗ 108ಕ್ಕೆ ಕರೆ ಮಾಡಿದೆ. ಅತ್ತ ಕಡೆಯವರು ಜಿಲ್ಲೆ ಯಾವುದು, ತಾಲ್ಲೂಕು ಯಾವುದು, ಹತ್ತಿರದಲ್ಲಿ ಏನಿದೆ ಎಂದು ಕೇಳುತ್ತಲೇ ಹೋದರು. ಜೀವ ಹೋಗುವ ಹೊತ್ತಿನಲ್ಲಿ ಇಷ್ಟು ವಿಚಾರಣೆ ಬೇಕೇ?
— ವಿದ್ಯಾರ್ಥಿನಿ, ತುಮಕೂರು ಜಿಲ್ಲೆ

ನಿಮ್ಮ ಸಿಟ್ಟು ಸಹಜವಾದದ್ದೇ. ಆದರೆ ನಿಮ್ಮ ಕರೆಯನ್ನು ಎತ್ತಿಕೊಂಡವರು ನಿಮ್ಮೂರಿನ ಆಸ್ಪತ್ರೆಯಲ್ಲಿ ಕೂತವರಲ್ಲ, ಇಡೀ ರಾಜ್ಯದ ಕರೆಗಳನ್ನು ಸ್ವೀಕರಿಸುವ ಬೆಂಗಳೂರಿನ ಕೇಂದ್ರದವರು ಎಂಬುದನ್ನು ಗಮನಿಸಬೇಕು. ‘ಹೊಸಹಳ್ಳಿಗೆ ಬೇಗ ಬನ್ನಿ’ ಎಂದು ಹೇಳಿ ಫೋನ್ ಇಟ್ಟುಬಿಡುವವರು ಬಹಳ ಮಂದಿ. ನಮ್ಮ ರಾಜ್ಯದಲ್ಲಿ ಹೊಸಹಳ್ಳಿ ಇಲ್ಲದ ತಾಲ್ಲೂಕನ್ನು ಹುಡುಕುವುದೇ ಕಷ್ಟ. ಕೆಲವು ತಾಲ್ಲೂಕುಗಳಲ್ಲಿ ಒಂದಕ್ಕಿಂತ ಹೆಚ್ಚು ಹೊಸಹಳ್ಳಿಗಳಿವೆ, ಅವುಗಳಲ್ಲಿ ಒಂದು ಜನವಸತಿಯೇ ಇಲ್ಲದ ಬೇಚರಾಕ್ ಗ್ರಾಮವಾಗಿರಲೂಬಹುದು. ಆದ್ದರಿಂದ ಆ ಪ್ರಶ್ನೆಗಳು ಕಾಲಹರಣವಲ್ಲ. ಸ್ಥಳ ಖಚಿತವಾದ ಕೂಡಲೇ ಹತ್ತಿರದ ವಾಹನಕ್ಕೆ ಸೂಚನೆ ಹೋಗುತ್ತದೆ, ಉಳಿದ ವಿವರಗಳನ್ನು ನೀವು ಹೇಳುತ್ತಿರುವಾಗ ನಾವು ಆಗಲೇ ದಾರಿಯಲ್ಲಿರುತ್ತೇವೆ.

ನಮ್ಮ ಕಡೆಯ ಕಷ್ಟ ಅಲ್ಲಿಂದ ಮುಂದೆ ಶುರುವಾಗುತ್ತದೆ. ‘ನಮ್ಮ ಮನೆ ಯಾರನ್ನು ಕೇಳಿದರೂ ತೋರಿಸುತ್ತಾರೆ’ ಎಂಬುದು ಹಳ್ಳಿಗಳಲ್ಲಿ ನಮಗೆ ಸಿಗುವ ಅತ್ಯಂತ ಸಾಮಾನ್ಯ ವಿಳಾಸ. ಹಗಲಿನಲ್ಲಿ ಅದು ನಿಜವೇ. ರಾತ್ರಿ ಎರಡು ಗಂಟೆಗೆ ಕೇಳೋಣವೆಂದರೆ ಬೀದಿಯಲ್ಲಿ ಎಚ್ಚರವಿರುವುದು ನಾಯಿಗಳು ಮಾತ್ರ, ಅವು ತೋರಿಸುವ ದಾರಿ ಹಿಂದಕ್ಕೆ ಹೋಗುವ ದಾರಿ. ‘ಮೊನ್ನೆ ಜಾತ್ರೆ ಆಯಿತಲ್ಲ, ಅಲ್ಲೇ ಪಕ್ಕ’ ಎನ್ನುವವರಿದ್ದಾರೆ. ಕರೆಂಟು ಹೋದ ಊರಿನಲ್ಲಿ ನಿಂತು ‘ನೀಲಿ ಗೇಟಿನ ಮನೆ’ ಎಂದವರೂ ಇದ್ದಾರೆ. ಸರಿ, ವಾಪಸು ಫೋನ್ ಮಾಡಿ ಕೇಳೋಣವೆಂದರೆ ಆ ನಂಬರು ಬಿಡುವಾಗಿರುವುದಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಮನೆಯವರು ಅದೇ ಫೋನಿನಿಂದ ಬೆಂಗಳೂರಿನಲ್ಲಿರುವ ಮಗನಿಗೆ, ಮುಂಬೈಯಲ್ಲಿರುವ ಅಳಿಯನಿಗೆ, ಚಿಕ್ಕಪ್ಪನಿಗೆ, ಚಿಕ್ಕಪ್ಪನ ಮನೆ ಮುಂದಿನ ಅಂಗಡಿಯವನಿಗೆ ಸುದ್ದಿ ಮುಟ್ಟಿಸುತ್ತಿರುತ್ತಾರೆ. ಕರೆ ಮಾಡಿದ ಫೋನನ್ನು ಆಂಬುಲೆನ್ಸ್ ಬರುವವರೆಗೆ ಬಿಡುವಾಗಿಟ್ಟು, ಮುಖ್ಯರಸ್ತೆಯ ತಿರುವಿಗೆ ಒಬ್ಬ ಹುಡುಗನನ್ನು ಟಾರ್ಚ್ ಕೊಟ್ಟು ಕಳುಹಿಸಿದರೆ ರೋಗಿಗೆ ಹಲವು ನಿಮಿಷಗಳು ಉಳಿಯುತ್ತವೆ. ಊರಿನವರೆಲ್ಲ ತಿರುವಿಗೆ ಬಂದು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸುವ ಅಗತ್ಯವಿಲ್ಲ.

ದಿನವೂ ನೋವು, ರಕ್ತ, ಸಾವುಗಳ ನಡುವೆ ಇರುವ ನೀವು ನಗುವುದು ಹೇಗೆ? ನಗುವುದು ಸರಿಯೇ?
— ನಿವೃತ್ತ ಶಿಕ್ಷಕರು, ಹಾವೇರಿ

ರೋಗಿಯ ಎದುರು ನಾವು ನಗುವುದಿಲ್ಲ, ರೋಗಿಯನ್ನು ನೋಡಿ ನಗುವುದಂತೂ ಇಲ್ಲವೇ ಇಲ್ಲ. ನಗು ಬರುವುದು ಆಮೇಲೆ. ರೋಗಿಯನ್ನು ಆಸ್ಪತ್ರೆಗೆ ಒಪ್ಪಿಸಿ, ಸಹಿ ಹಾಕಿಸಿಕೊಂಡು, ಆಸ್ಪತ್ರೆಯ ಹಿಂದಿನ ನಲ್ಲಿಯ ಬಳಿ ಹೈಪೋಕ್ಲೋರೈಟ್ ದ್ರಾವಣದಿಂದ ಸ್ಟ್ರೆಚರ್ ತೊಳೆಯುವಾಗ ನಾನು ಮತ್ತು ಪೈಲಟ್ (ನಮ್ಮಲ್ಲಿ ಚಾಲಕರನ್ನು ಹೀಗೆ ಕರೆಯುತ್ತೇವೆ) ಹಿಂದಿನ ಒಂದು ಗಂಟೆಯನ್ನು ಮತ್ತೆ ನೆನೆಸಿಕೊಳ್ಳುತ್ತೇವೆ. ನಗು ಹುಟ್ಟುವುದು ಸಾಮಾನ್ಯವಾಗಿ ಸುತ್ತಮುತ್ತಲಿನವರ ಗಡಿಬಿಡಿಯಿಂದ. ತಮ್ಮವರು ನರಳುತ್ತಿರುವಾಗ ಏನನ್ನಾದರೂ ಮಾಡಲೇಬೇಕೆಂಬ ತವಕದಲ್ಲಿ ಜನ ಕೈಗೆ ಸಿಕ್ಕಿದ್ದನ್ನು ಮಾಡುತ್ತಾರೆ, ಮತ್ತು ಅದು ಹೆಚ್ಚಿನ ಸಲ ಬೇಡವಾದದ್ದೇ ಆಗಿರುತ್ತದೆ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಇಂಕು, ಕಾಫಿ ಪುಡಿ ಎಲ್ಲವನ್ನೂ ಹಚ್ಚಿ, ಹಚ್ಚಬೇಕಾಗಿದ್ದ ಒಂದೇ ಒಂದು ಪದಾರ್ಥವಾದ ತಣ್ಣೀರನ್ನು ಮಾತ್ರ ‘ಬೊಬ್ಬೆ ಏಳುತ್ತದೆ’ ಎಂದು ದೂರವಿಟ್ಟಿರುತ್ತಾರೆ. ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕೆಂದು ಹೇಳಿದರೆ, ಇಷ್ಟು ಸುಲಭದ ಚಿಕಿತ್ಸೆ ಹೇಳುವ ಇವನು ಎಂಥ ನರ್ಸು ಎಂದು ನೋಡುತ್ತಾರೆ.

ಎಲ್ಲ ಪ್ರಕರಣಗಳಿಗೂ ಇದು ಅನ್ವಯಿಸದು. ಮಕ್ಕಳ ಅಪಘಾತಗಳಾದ ದಿನ ನಲ್ಲಿಯ ಬಳಿ ಮಾತಿರುವುದಿಲ್ಲ. ಪೈಲಟ್ ಎರಡು ಚಹಾ ತರುತ್ತಾನೆ, ಕುಡಿದು ಮುಂದಿನ ಕರೆಗೆ ಹೋಗುತ್ತೇವೆ.

ನಮ್ಮ ಕಡೆ ಹಾವು ಕಚ್ಚಿದರೆ ಹಾವನ್ನು ಹೊಡೆದು ಆಸ್ಪತ್ರೆಗೆ ತೆಗೆದುಕೊಂಡು ಹೋಗುತ್ತಾರೆ. ವೈದ್ಯರಿಗೆ ಅದು ಬೇಕೇ?
— ಅಡಿಕೆ ಕೃಷಿಕರು, ಸಾಗರ

ಬೇಡ. ನಮ್ಮ ದೇಶದಲ್ಲಿ ಬಳಸುವ ಪ್ರತಿವಿಷವು ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಟ್ಟಿಗೆ ಕೆಲಸ ಮಾಡುವಂಥದ್ದು. ವೈದ್ಯರು ನೋಡುವುದು ಹಾವನ್ನಲ್ಲ, ರೋಗಿಯನ್ನು: ರೆಪ್ಪೆ ಇಳಿಬೀಳುತ್ತಿದೆಯೇ, ನುಂಗಲು ಕಷ್ಟವಾಗುತ್ತಿದೆಯೇ, ಕಚ್ಚಿದ ಜಾಗ ಊದುತ್ತಿದೆಯೇ, ವಸಡಿನಲ್ಲಿ ರಕ್ತ ಒಸರುತ್ತಿದೆಯೇ. ಸ್ವಲ್ಪ ರಕ್ತವನ್ನು ಗಾಜಿನ ಕೊಳವೆಯಲ್ಲಿ ತೆಗೆದು ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪುಗಟ್ಟಿತೇ ಇಲ್ಲವೇ ಎಂದು ನೋಡುವ ಸರಳ ಪರೀಕ್ಷೆಯೊಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕೊಳಕು ಮಂಡಲದಂಥ ಹಾವಿನ ವಿಷವನ್ನು ಪತ್ತೆ ಹಚ್ಚಲು ಅದು ನೆರವಾಗುತ್ತದೆ. ಹಾವಿನ ಗುರುತು ತಿಳಿದರೆ ನೆರವಾದೀತು ಎನ್ನುವವರು ದೂರದಿಂದ ಒಂದು ಫೋಟೊ ತೆಗೆದುಕೊಂಡರೆ ಸಾಕು. ಅದಕ್ಕಾಗಿ ಬೇಲಿಯೊಳಗೆ ನುಗ್ಗುವುದು ಬೇಡ.

ಆದರೂ ತರುತ್ತಾರೆ. ಗೊಬ್ಬರದ ಚೀಲದಲ್ಲಿ, ಬಿಂದಿಗೆಯಲ್ಲಿ, ಉಪ್ಪಿನಕಾಯಿ ಭರಣಿಯಲ್ಲಿ ತರುತ್ತಾರೆ. ಮಲೆನಾಡಿನ ಒಂದು ಮನೆಯಿಂದ ಅಜ್ಜನನ್ನು ಹತ್ತಿಸಿಕೊಂಡು ಹೊರಟಿದ್ದೆವು. ಘಟ್ಟದ ತಿರುವುಗಳಲ್ಲಿ ನಾನು ಅವರ ನಾಡಿ ಹಿಡಿದು ಕೂತಿದ್ದಾಗ, ಜೊತೆಗೆ ಬಂದಿದ್ದ ಮೊಮ್ಮಗ ತನ್ನ ಕಾಲ ಬಳಿಯ ಪ್ಲಾಸ್ಟಿಕ್ ಡಬ್ಬವನ್ನು ಎರಡೂ ಪಾದಗಳಿಂದ ಒತ್ತಿ ಹಿಡಿದುಕೊಂಡಿರುವುದನ್ನು ಕಂಡೆ. ಅದರಲ್ಲಿ ಏನಿದೆ ಎಂದು ಕೇಳಿದ್ದಕ್ಕೆ ಆತ ಬಹಳ ಸಮಾಧಾನದಿಂದ, ‘ಅದೇ ಹಾವು. ಡಾಕ್ಟ್ರಿಗೆ ತೋರಿಸಬೇಕಲ್ಲ. ಸತ್ತಿಲ್ಲ, ಮುಚ್ಚಳ ಸ್ವಲ್ಪ ಸಡಿಲ’ ಎಂದ. ವಾಹನ ನಿಂತಿತು. ರೋಗಿಯ ನಾಡಿ ಸರಿಯಾಗಿಯೇ ಇತ್ತು, ಪೈಲಟ್‌ನದ್ದು ನೋಡುವಂತಿತ್ತು. ಡಬ್ಬವನ್ನು ಕಾಡಿನಂಚಿನಲ್ಲಿ ಇಳಿಸಿ ಮುಚ್ಚಳವನ್ನು ಉದ್ದನೆಯ ಕೋಲಿನಿಂದ ತೆಗೆದಾಗ ಹೊರಬಂದದ್ದು ವಿಷವಿಲ್ಲದ ಕೇರೆ ಹಾವು. ಅಜ್ಜನನ್ನು ಆದರೂ ಆಸ್ಪತ್ರೆಗೆ ಕರೆದೊಯ್ದೆವು, ಏಕೆಂದರೆ ಕತ್ತಲಲ್ಲಿ ಕಚ್ಚಿದ ಹಾವೂ ಹುಡುಕಿದಾಗ ಸಿಕ್ಕಿದ ಹಾವೂ ಒಂದೇ ಎಂಬುದಕ್ಕೆ ಖಾತರಿಯಿಲ್ಲ. ಸತ್ತ ಹಾವಾದರೂ ಸುರಕ್ಷಿತವಲ್ಲ. ತಲೆ ಕತ್ತರಿಸಿದ ಮೇಲೂ ಸ್ವಲ್ಪ ಹೊತ್ತು ಅದರ ಬಾಯಿ ಕಚ್ಚಬಲ್ಲದು.

ಕಟ್ಟು ಹಾವಿನ ಬಗ್ಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಕಚ್ಚಿದ್ದು ಗೊತ್ತಾಗದಷ್ಟು ನೋವು ಕಡಿಮೆ, ಗುರುತೂ ಸರಿಯಾಗಿ ಕಾಣುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದು, ಕಣ್ಣು ಬಿಡಲಾಗುತ್ತಿಲ್ಲ ಎನ್ನುವವರನ್ನು ಮನೆಯವರು ನಿದ್ದೆಗಣ್ಣೆಂದು ಮತ್ತೆ ಮಲಗಿಸಬಾರದು. ಯಾವುದೇ ಹಾವಾದರೂ ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಯಿಂದ ಹೀರುವುದು ಕೂಡದು. ಉಂಗುರ, ಬಳೆ, ಕಾಲುಂಗುರಗಳನ್ನು ಬಾವು ಬರುವ ಮೊದಲೇ ತೆಗೆದು, ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ ಕರೆತನ್ನಿ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ನಾಟಿ ಮದ್ದಿನವರ ಮನೆಯಲ್ಲಿ ಕಳೆದುಹೋಗುವ ಗಂಟೆಗಳು ಮಾತ್ರ ಯಾವ ಪಟ್ಟಿಯಲ್ಲೂ ಸೇರುವುದಿಲ್ಲ.

ಮೂರ್ಛೆ ರೋಗ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎಂಬುದು ನಿಜವೇ? ನಾನೇ ಕಣ್ಣಾರೆ ನೋಡಿದ್ದೇನೆ.
— ಹೋಟೆಲ್ ಮಾಲೀಕರು, ಚಿಂತಾಮಣಿ

ನೀವು ನೋಡಿದ್ದು ನಿಜ, ಆದರೆ ನಿಲ್ಲಿಸಿದ್ದು ಕಬ್ಬಿಣವಲ್ಲ. ಸಾಮಾನ್ಯವಾಗಿ ಫಿಟ್ಸ್ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಬೀಗದ ಕೈ ಹುಡುಕಿ, ಬೆರಳು ಬಿಡಿಸಿ, ಅಂಗೈಯಲ್ಲಿ ಇಡುವುದಕ್ಕೆ ಅಷ್ಟೇ ಹೊತ್ತು ಬೇಕಾಗುವುದರಿಂದ ಕೀರ್ತಿ ಬೀಗದ ಕೈಗೆ ಹೋಗುತ್ತದೆ. ನಮ್ಮ ಅನುಭವದಲ್ಲಿ ಇದರ ಅಡ್ಡಪರಿಣಾಮ ಬೇರೆಯೇ ಇದೆ. ಬಸ್ ನಿಲ್ದಾಣದಲ್ಲಿ ಬಿದ್ದವರ ಕೈಗೆ ನಾಲ್ಕಾರು ಮಂದಿ ತಮ್ಮ ತಮ್ಮ ಕೀಲಿಗೊಂಚಲು ತುರುಕಿರುತ್ತಾರೆ, ರೋಗಿ ಅವುಗಳ ಸಮೇತ ಆಂಬುಲೆನ್ಸ್ ಏರುತ್ತಾರೆ, ಸಂಜೆ ಅಂಗಡಿಯವರೂ ಬೈಕಿನವರೂ ನಮ್ಮನ್ನು ಹುಡುಕಿಕೊಂಡು ಆಸ್ಪತ್ರೆಗೆ ಬರುತ್ತಾರೆ.

ಮಾಡಬೇಕಾದದ್ದು ಇಷ್ಟು: ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ನಿಂತ ಮೇಲೆ ಒಂದು ಮಗ್ಗುಲಿಗೆ ಹೊರಳಿಸಿ. ಹಲ್ಲಿನ ನಡುವೆ ಚಮಚ ತುರುಕಬೇಡಿ, ನೀರು ಹಾಕಬೇಡಿ. ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಬಾರದೆ ಮತ್ತೆ ಬಂದರೆ, ಕರೆ ಮಾಡಿ.

ನಮ್ಮ ಊರಿನ ಒಬ್ಬ ಬಾಣಂತಿಗೆ ಆಂಬುಲೆನ್ಸಿನಲ್ಲೇ ಹೆರಿಗೆಯಾಯಿತು. ಆ ಮಗುವಿನ ಜನ್ಮಸ್ಥಳ ಯಾವುದೆಂದು ಬರೆಸಬೇಕು? ಇಂಥ ಹೆರಿಗೆಗಳನ್ನು ನೀವು ಹೇಗೆ ನಿಭಾಯಿಸುತ್ತೀರಿ?
— ಆಶಾ ಕಾರ್ಯಕರ್ತೆ, ಯಾದಗಿರಿ ಜಿಲ್ಲೆ

ಮೊದಲ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರವಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಡಿಯ ನಿಯಮಗಳ ಪ್ರಕಾರ, ಚಲಿಸುವ ವಾಹನದಲ್ಲಿ ಮಗು ಹುಟ್ಟಿದರೆ ವಾಹನದ ಹೊಣೆ ಹೊತ್ತವರು ಅದು ಮೊದಲು ನಿಲ್ಲುವ ಸ್ಥಳದ ನೋಂದಣಾಧಿಕಾರಿಗೆ ಮಾಹಿತಿ ಕೊಡಬೇಕು. ನಮ್ಮ ವಾಹನ ಮುಂದೆ ನಿಲ್ಲುವುದು ಆಸ್ಪತ್ರೆಯಲ್ಲಿಯೇ ಆದ್ದರಿಂದ ಬಳಕೆಯಲ್ಲಿ ತಾಯಿ ಮಗುವನ್ನು ದಾಖಲಿಸಿಕೊಂಡ ಆಸ್ಪತ್ರೆಯವರ ಮೂಲಕವೇ ನೋಂದಣಿ ನಡೆಯುತ್ತದೆ. ನಾವು ಬರೆದುಕೊಡುವ ದಾಖಲೆಯಲ್ಲಿ ಹುಟ್ಟಿದ ಹೊತ್ತು ಮತ್ತು ಜಾಗ ಇರುತ್ತದೆ, ಅದನ್ನು ಆಸ್ಪತ್ರೆಯವರಿಗೆ ತೋರಿಸಲು ಹೇಳಿ. 21 ದಿನಗಳ ಒಳಗೆ ನೋಂದಾಯಿಸಿದರೆ ಶುಲ್ಕವಿಲ್ಲ.

ಎರಡನೆಯ ಪ್ರಶ್ನೆಯ ಉತ್ತರ ನಿಮಗೇ ಗೊತ್ತಿರಬೇಕು, ಏಕೆಂದರೆ ಅಂಥ ಹೊತ್ತಿನಲ್ಲಿ ತಾಯಿಯ ತಲೆಯ ಬಳಿ ಕೂತು ಧೈರ್ಯ ಹೇಳುವವರು ಸಾಮಾನ್ಯವಾಗಿ ಆಶಾ ಅವರೇ. ಮಗುವಿನ ತಲೆ ಕಾಣಿಸಿತೆಂದರೆ ಇನ್ನು ಆಸ್ಪತ್ರೆ ಮುಟ್ಟುವ ಆಸೆ ಬಿಟ್ಟು ವಾಹನವನ್ನು ರಸ್ತೆಬದಿಗೆ ನಿಲ್ಲಿಸುತ್ತೇವೆ. ಓಡುವ ವಾಹನದಲ್ಲಿ ಹೆರಿಗೆ ಮಾಡಿಸುವುದು ಸಿನಿಮಾದಲ್ಲಿ ಮಾತ್ರ. ಹೆರಿಗೆಯ ಕಿಟ್ ಬಿಚ್ಚಿ, ಮಗು ಬಂದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿ, ಒಂದು ನಿಮಿಷವಾದರೂ ಕಾದು ಹೊಕ್ಕುಳಬಳ್ಳಿಗೆ ಎರಡು ಕಡೆ ಕ್ಲಾಂಪ್ ಹಾಕಿ ನಡುವೆ ಕತ್ತರಿಸುತ್ತೇವೆ. ಹೊರಗೆ ಪೈಲಟ್ ಮುಖವನ್ನು ಹೊಲದ ಕಡೆಗೂ ಟಾರ್ಚನ್ನು ನಮ್ಮ ಕಡೆಗೂ ತಿರುಗಿಸಿಕೊಂಡು ನಿಂತಿರುತ್ತಾನೆ. ಮಗು ಅತ್ತ ಕೂಡಲೇ ಅವನು ಕೇಳುವ ಪ್ರಶ್ನೆ ‘ಹೊರಡೋಣವೇ?’ ಎಂಬುದೊಂದೇ.

ಅತ್ತೆಯವರ ಪ್ರಶ್ನೆ ಬೇರೆ. ಅವರಿಗೆ ಜಾತಕಕ್ಕೆ ಸರಿಯಾದ ಗಳಿಗೆ ಬೇಕು. ತಲೆ ಬಂದದ್ದು ಲೆಕ್ಕವೇ, ಪೂರ್ತಿ ಬಂದದ್ದು ಲೆಕ್ಕವೇ, ಅತ್ತದ್ದು ಲೆಕ್ಕವೇ ಎಂಬ ಶಾಸ್ತ್ರಾರ್ಥ ಅಲ್ಲಿಯೇ ಶುರುವಾಗುತ್ತದೆ. ನಾವು ಪೂರ್ತಿ ಹೊರಬಂದ ಹೊತ್ತನ್ನು ಬರೆಯುತ್ತೇವೆ. ಒಮ್ಮೆ ಒಬ್ಬ ಅಜ್ಜಿ ಫೋನಿನಲ್ಲಿ ಊರ ಜೋಯಿಸರನ್ನು ಹಿಡಿದು, ಇನ್ನು ಸ್ವಲ್ಪ ಹೊತ್ತಿಗೆ ಮೂಲಾ ನಕ್ಷತ್ರ ಮುಗಿಯುತ್ತದೆಂದು ತಿಳಿದುಕೊಂಡು, ನನ್ನ ಕಿವಿಯ ಬಳಿ ಬಂದು ಒಂದು ಕಾಲು ಗಂಟೆ ಮುಂದೆ ಬರೆದುಬಿಡಪ್ಪಾ ಎಂದು ಕೇಳಿದರು. ಸಾಧ್ಯವಿಲ್ಲವೆಂದೆ. ನನ್ನ ಗಡಿಯಾರ ಸರಿಯಿದೆಯೇ ಎಂದರು. ಜಿಪಿಎಸ್‌ನಲ್ಲಿ ವಾಹನ ನಿಂತ ಹೊತ್ತು ದಾಖಲಾಗಿದೆ ಎಂದಾಗ, ಅದನ್ನು ಯಾರು ಬರೆಯುತ್ತಾರೆ, ಅವರ ನಂಬರು ಕೊಡು ಎಂದರು. ಸೊಸೆ ಮಲಗಿದ್ದಲ್ಲಿಂದಲೇ ‘ನನ್ನದೂ ಮೂಲಾ ನಕ್ಷತ್ರವೇ, ನಿಮಗೆ ಹೇಳಿರಲಿಲ್ಲ’ ಎಂದು ಆ ಚರ್ಚೆಯನ್ನು ಮುಗಿಸಿದಳು.

ಹೆರಿಗೆಯ ನಂತರ ತಾಯಿ ಮಗುವನ್ನು ಸರ್ಕಾರಿ ಆಸ್ಪತ್ರೆಯಿಂದ ಮನೆಗೆ ಬಿಡುವ ಕೆಲಸ ನಮ್ಮದಲ್ಲ, ಅದಕ್ಕೆ ‘ನಗು-ಮಗು’ ವಾಹನಗಳಿವೆ. ಇದನ್ನು ನಿಮ್ಮ ಮನೆಭೇಟಿಗಳಲ್ಲಿ ಮೊದಲೇ ತಿಳಿಸಿದರೆ ಎಷ್ಟೋ ಜಗಳಗಳು ತಪ್ಪುತ್ತವೆ.

ಒಳಗೆ ರೋಗಿಯೇ ಇಲ್ಲದ ಆಂಬುಲೆನ್ಸ್ ಸೈರನ್ ಹಾಕಿಕೊಂಡು ಓಡುವುದನ್ನು ನೋಡಿದ್ದೇನೆ. ಊಟದ ಅವಸರವೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಊಟಕ್ಕೆ ಸೈರನ್ ಹಾಕುವ ಸವಲತ್ತು ಇದ್ದಿದ್ದರೆ ನಮ್ಮಲ್ಲಿ ಅರ್ಧ ಜನಕ್ಕೆ ಹೊಟ್ಟೆಯ ಹುಣ್ಣು ಇರುತ್ತಿರಲಿಲ್ಲ. ಖಾಲಿ ವಾಹನ ಓಡುವುದು ರೋಗಿಯ ಕಡೆಗೆ. ಒಳಗೆ ಮಲಗಿರುವ ರೋಗಿಗೆ ಆಗಲೇ ಆಮ್ಲಜನಕವಿದೆ, ಪಕ್ಕದಲ್ಲಿ ಒಬ್ಬರು ಇದ್ದಾರೆ. ರಸ್ತೆಯ ಮೇಲೆ ಬಿದ್ದಿರುವವನಿಗೆ ಎರಡೂ ಇಲ್ಲ. ಆದ್ದರಿಂದ ಖಾಲಿ ಆಂಬುಲೆನ್ಸಿಗೆ ದಾರಿ ಬಿಡುವುದು ತುಂಬಿದ ಆಂಬುಲೆನ್ಸಿಗೆ ಬಿಡುವುದಕ್ಕಿಂತ ಕೆಲವೊಮ್ಮೆ ಹೆಚ್ಚು ಮುಖ್ಯ. ಬೆಂಗಳೂರಿನಲ್ಲಿ 2015ರಲ್ಲಿ ಬೈಕ್ ಆಂಬುಲೆನ್ಸ್‌ಗಳನ್ನು ರಸ್ತೆಗಿಳಿಸಿದ್ದರ ಹಿಂದಿನ ಯೋಚನೆಯೂ ಇದೇ: ರೋಗಿಯನ್ನು ಸಾಗಿಸಲಾಗದಿದ್ದರೂ, ನೆರವಾಗುವವರು ಮೊದಲು ಅಲ್ಲಿಗೆ ತಲುಪಬೇಕು. ಮೋಟಾರು ವಾಹನ ಕಾಯ್ದೆಯ 194ಇ ವಿಧಿಯಲ್ಲಿ ತುರ್ತು ವಾಹನಕ್ಕೆ ದಾರಿ ಬಿಡದವರಿಗೆ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡೂ ವಿಧಿಸಲು ಅವಕಾಶವಿದೆ. ಒಳಗೆ ರೋಗಿ ಇರಬೇಕೆಂಬ ಷರತ್ತು ಅದರಲ್ಲಿಲ್ಲ. ನಮಗೆ ಬಿಟ್ಟ ದಾರಿಯಲ್ಲಿ ನಮ್ಮ ಬಾಲ ಹಿಡಿದು ಬರುವ ಕಾರುಗಳ ಬಗ್ಗೆಯೂ ಒಂದು ವಿಧಿ ಇದ್ದಿದ್ದರೆ ಚೆನ್ನಾಗಿತ್ತು ಎಂಬುದು ನಮ್ಮ ಪೈಲಟ್‌ಗಳ ಬಹುಕಾಲದ ಬೇಡಿಕೆ.

ಕುಡಿದು ರಸ್ತೆಯಲ್ಲಿ ಬಿದ್ದವರಿಗೂ ಆಂಬುಲೆನ್ಸ್ ಕಳುಹಿಸುವುದು ತೆರಿಗೆ ಹಣದ ದುಂದಲ್ಲವೇ?
— ಓದುಗರೊಬ್ಬರು, ಮಂಡ್ಯ

ಕುಡಿದಿದ್ದಾನೆ ಎಂದು ನಿರ್ಧರಿಸುವವರು ಯಾರು ಎಂಬುದರ ಮೇಲೆ ಇದು ನಿಂತಿದೆ. ಬಸ್ ತಂಗುದಾಣವೊಂದರ ಕಲ್ಲುಬೆಂಚಿನ ಮೇಲೆ ವಯಸ್ಸಾದ ರೈತರೊಬ್ಬರು ಅಡ್ಡಬಿದ್ದಿದ್ದರು. ಮಾತು ತೊದಲುತ್ತಿತ್ತು, ಹತ್ತಿರ ಹೋದವರನ್ನು ಬೈಯುತ್ತಿದ್ದರು. ಬೆಳಿಗ್ಗೆಯೇ ಶುರು ಮಾಡಿದ್ದಾನೆ ಎಂದು ಸುತ್ತಲಿನವರು ತೀರ್ಮಾನಿಸಿ ಆಗಿತ್ತು. ಅವರ ಅಂಗಿ ಬೆವರಿನಿಂದ ತೊಯ್ದು ಬೆನ್ನಿಗೆ ಅಂಟಿಕೊಂಡಿತ್ತು, ಅಂಗೈ ತಣ್ಣಗಿತ್ತು, ಬಾಯಲ್ಲಿ ಎಲೆ ಅಡಿಕೆಯ ವಾಸನೆ ಬಿಟ್ಟು ಬೇರೆ ವಾಸನೆಯಿರಲಿಲ್ಲ. ಬೆರಳ ತುದಿಯ ಹನಿ ರಕ್ತ ನೋಡಿದರೆ ಸಕ್ಕರೆ ಪ್ರಮಾಣ ತೀರಾ ಕೆಳಗಿಳಿದಿತ್ತು. ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಅವರು ಎದ್ದು ಕೂತು, ಸುತ್ತ ನೆರೆದವರನ್ನು ಒಮ್ಮೆ ನೋಡಿ, ‘ನನ್ನ ಚಪ್ಪಲಿ ಯಾರು ತೆಗೆದರು?’ ಎಂದು ಸ್ಪಷ್ಟವಾದ ಕನ್ನಡದಲ್ಲಿ ಕೇಳಿದರು. ತೀರ್ಮಾನ ಕೊಟ್ಟಿದ್ದ ಮಹಾಜನರು ಚದುರಿದರು, ಅವರಲ್ಲಿ ಒಬ್ಬರ ಕಾಲಿನಿಂದ ಚಪ್ಪಲಿಯೂ ಹೊರಬಂತು.

ಆಮೇಲೆ ಅವರನ್ನು ಆಸ್ಪತ್ರೆಗೆ ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ಹಸು ಕರೆಯುವ ಹೊತ್ತಾಯಿತೆಂಬುದು ಅವರ ವಾದ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳ ಪ್ರಭಾವ ಬಹಳ ಹೊತ್ತು ಉಳಿಯುವುದರಿಂದ, ಈಗ ಏರಿದ ಸಕ್ಕರೆ ಸಂಜೆಯೊಳಗೆ ಮತ್ತೆ ಇಳಿಯಬಹುದು. ಚೇತರಿಸಿಕೊಂಡರೂ ವೈದ್ಯರ ನಿಗಾದಲ್ಲಿ ಇರಬೇಕೆನ್ನುವುದು ಈ ಕಾರಣಕ್ಕೆ. ಮಾತ್ರೆ ನುಂಗಿ ಊಟ ಬಿಡುವವರು ಇದನ್ನು ದಯವಿಟ್ಟು ಗಮನಿಸಬೇಕು.

ನಿಜವಾಗಿಯೂ ಕುಡಿದು ಬಿದ್ದವರನ್ನೂ ನಾವು ಬಿಟ್ಟುಬರುವುದಿಲ್ಲ. ಬಿದ್ದಾಗ ತಲೆಗೆ ಪೆಟ್ಟಾಗಿ ಒಳಗೆ ರಕ್ತಸ್ರಾವವಾದವನೂ ಹಾಗೆಯೇ ಮಂಪರಿನಲ್ಲಿರುತ್ತಾನೆ, ಹೊರಗಿನಿಂದ ವ್ಯತ್ಯಾಸ ಹೇಳಲು ನಮಗೂ ಆಗುವುದಿಲ್ಲ. ಉಳಿದವರಲ್ಲಿ ಹಲವರು ನಾವು ತಟ್ಟಿದ ಕೂಡಲೇ ಎದ್ದು, ನಿಮ್ಮನ್ನು ಕರೆದವರು ಯಾರು ಎಂದು ವಿಚಾರಣೆ ಶುರು ಮಾಡುತ್ತಾರೆ. ಹೋಗುವ ದಾರಿಯಲ್ಲೇ ತಮ್ಮ ಮನೆಯಿದೆ, ಅಲ್ಲಿ ಇಳಿಸಿ ಎನ್ನುವವರೂ ಸಾಕಷ್ಟಿದ್ದಾರೆ.

ರೋಗಿಯ ಜೊತೆ ಎಷ್ಟು ಜನ ಹತ್ತಬಹುದು?
— ಗೃಹಿಣಿ, ಬಾಗಲಕೋಟೆ

ಒಬ್ಬರು ಸಾಕು, ಇಬ್ಬರು ಹೆಚ್ಚು. ಆದರೆ ಬಾಗಿಲು ತೆರೆದಾಗ ಮನೆಯೇ ಹೊರಟು ನಿಂತಿರುತ್ತದೆ. ಹಾಸಿಗೆ, ಫ್ಲಾಸ್ಕು, ರೊಟ್ಟಿಯ ಬುತ್ತಿ, ಶೇಂಗಾ ಹಿಂಡಿ, ಚೊಂಬು ಎಲ್ಲ ಬಂದಿರುತ್ತವೆ. ರೋಗಿ ನುಂಗುತ್ತಿದ್ದ ಮಾತ್ರೆಗಳ ಚೀಟಿ ಮಾತ್ರ ಬಂದಿರುವುದಿಲ್ಲ. ಯಾವ ಮಾತ್ರೆ ಎಂದರೆ ‘ಬಿಳಿಯದು, ಸಣ್ಣದು’ ಎಂಬ ಉತ್ತರ ಸಿಗುತ್ತದೆ. ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕೆಂದು ಹಟ ಹಿಡಿಯುವವರೊಡನೆ ನಾವು ವಾದಿಸುವುದಿಲ್ಲ, ಏಕೆಂದರೆ ವಾದಕ್ಕಿಂತ ನಿಂಬೆಹಣ್ಣಿಗೆ ಕಡಿಮೆ ಹೊತ್ತು ಸಾಕು. ಊರ ದೇವರ ಗುಡಿಯ ಮುಂದೆ ನಿಲ್ಲಿಸಿ ಕಾಯಿ ಒಡೆಯಬೇಕೆಂದರೆ ಮಾತ್ರ ಒಪ್ಪುವುದಿಲ್ಲ. ಹಳೆಯ ಚೀಟಿಗಳು, ಮಾತ್ರೆಯ ಖಾಲಿ ಪಟ್ಟಿಗಳು, ಸ್ಕ್ಯಾನ್ ವರದಿ, ರೇಷನ್ ಕಾರ್ಡು ಇವಿಷ್ಟನ್ನು ಒಂದು ಚೀಲದಲ್ಲಿ ಹಾಕಿ ಬಾಗಿಲ ಹಿಂದೆ ನೇತುಹಾಕಿಟ್ಟರೆ ಸಾಕು. ರೊಟ್ಟಿಯನ್ನು ಹಿಂದಿನ ಬಸ್ಸಿಗೆ ಬರುವವರು ತರಲಿ.

ಅಪಘಾತವಾದಾಗ ನೆರವಾದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾಗುತ್ತದೆಯೇ?
— ಆಟೊ ಚಾಲಕರು, ಹುಬ್ಬಳ್ಳಿ

ಇಲ್ಲ. ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ಈ ವಿಷಯದ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ವಿಧಿಯ ಪ್ರಕಾರ ಸದುದ್ದೇಶದಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತೆಯೂ ಇಲ್ಲ. ಚಿಕಿತ್ಸೆಯ ಹಣವನ್ನು ನಿಮ್ಮಿಂದ ಕೇಳುವ ಪ್ರಶ್ನೆಯೇ ಬರುವುದಿಲ್ಲ. ರಕ್ತ ಸುರಿಯುತ್ತಿದ್ದರೆ ಮಡಚಿದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಬಾಯಿಗೆ ನೀರು ಹಾಕಬೇಡಿ, ಕೈ ಕಾಲು ಹಿಡಿದು ಎತ್ತಿ ಕೂರಿಸಬೇಡಿ. ವಿಡಿಯೊ ಮಾಡುತ್ತಿರುವವರ ಕೈಗೆ ಏನಾದರೂ ಕೆಲಸ ಕೊಡಿ. ‘ನೀವು ಆ ಕಡೆಯ ವಾಹನಗಳನ್ನು ನಿಲ್ಲಿಸಿ’ ಎಂದು ಒಬ್ಬನನ್ನೇ ಬೊಟ್ಟು ಮಾಡಿ ಹೇಳಿದರೆ, ಅದೇ ಮನುಷ್ಯ ಫೋನು ಜೇಬಿಗೆ ಹಾಕಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಾನೆಂಬುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಅಮಾವಾಸ್ಯೆಯ ದಿನ ಕರೆಗಳು ಹೆಚ್ಚೇ?
— ಪದವಿ ವಿದ್ಯಾರ್ಥಿ, ಕೊಪ್ಪಳ

ಅಮಾವಾಸ್ಯೆಗಿಂತ ಸಂಬಳದ ದಿನ ಹೆಚ್ಚು, ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಓಡಾಡುವ ರಾತ್ರಿಗಳಲ್ಲಿ ಇನ್ನೂ ಹೆಚ್ಚು. ನಾವು ನಂಬುವ ಮೂಢನಂಬಿಕೆ ಬೇರೆಯದು: ‘ಇವತ್ತು ಕೇಸೇ ಇಲ್ಲವಲ್ಲ’ ಎಂದು ಯಾರೂ ಬಾಯಿಬಿಟ್ಟು ಹೇಳಬಾರದು. ಹೊಸಬರು ಹೇಳಿದರೆ ಹಳಬರು ಊಟದ ಡಬ್ಬಿ ಮುಚ್ಚಿ ಬೂಟು ಹಾಕಿಕೊಳ್ಳುತ್ತಾರೆ.

ಎದೆನೋವು ಬಂದಾಗ ಗ್ಯಾಸ್ಟ್ರಿಕ್ಕೋ ಹೃದಯಾಘಾತವೋ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?
— ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಮನೆಯಲ್ಲಿ ತಿಳಿಯಲಾಗುವುದಿಲ್ಲ, ಇಸಿಜಿ ಬೇಕು. ಇದಿಷ್ಟು ಉತ್ತರ ಸಾಕಾಗಬೇಕಿತ್ತು. ಆದರೆ ನಾವು ನೋಡುವ ಹೃದಯಾಘಾತದ ರೋಗಿಗಳಲ್ಲಿ ಬಹುಪಾಲು ಜನ ನಮಗೆ ಕರೆ ಮಾಡುವ ಮೊದಲು ಸೋಡಾ ಕುಡಿದು, ಓಮಿನ ಕಷಾಯ ಕುಡಿದು, ಬೆನ್ನು ತಿಕ್ಕಿಸಿಕೊಂಡು, ಹಿಂದಿನ ರಾತ್ರಿಯ ಬೋಂಡಾವನ್ನು ದೂರಿ ಮುಗಿಸಿರುತ್ತಾರೆ. ಗಂಡಸರದ್ದು ಇನ್ನೂ ಒಂದು ಹಂತ ಹೆಚ್ಚು. ಆಸ್ಪತ್ರೆಗೆ ಹೋಗುವುದೆಂದು ತೀರ್ಮಾನವಾದ ಮೇಲೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಹಡಿಯ ಮೆಟ್ಟಿಲಿಳಿದು ತಾವೇ ನಡೆದು ಬಂದು ವಾಹನದ ಬಾಗಿಲ ಬಳಿ ‘ರೋಗಿ ನಾನೇ’ ಎಂದು ಪರಿಚಯಿಸಿಕೊಳ್ಳುತ್ತಾರೆ. ಸ್ಟ್ರೆಚರ್ ಮೇಲೆ ಮಲಗಿ ಎಂದರೆ ಬೀದಿಯವರು ನೋಡುತ್ತಾರೆಂಬ ಸಂಕೋಚ.

ಎದೆಯ ನಡುವೆ ಒತ್ತಿದಂಥ ನೋವು, ಅದು ಎಡಗೈಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು ಇವುಗಳಲ್ಲಿ ಯಾವುದಿದ್ದರೂ ಕೂತಲ್ಲೇ ಕೂತು ಕರೆ ಮಾಡಿ. ಮಹಿಳೆಯರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರಿಯ ಸುಸ್ತು, ವಾಕರಿಕೆಯಾಗಿಯೂ ಕಾಣಿಸಿಕೊಳ್ಳಬಹುದು. ರಾಜ್ಯದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಕೇಂದ್ರದ ಹೃದ್ರೋಗ ತಜ್ಞರ ಸಲಹೆ ಪಡೆದು, ರಕ್ತದ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಗತ್ಯವಿದ್ದವರಿಗೆ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಹೊರಗೆ ಕೊಂಡರೆ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ನೋವು ಶುರುವಾದ ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೆ ಮಾತ್ರ ಅದರಿಂದ ಪೂರ್ಣ ಪ್ರಯೋಜನ, ತಡವಾದಷ್ಟೂ ಹೃದಯದ ಸ್ನಾಯು ಹೆಚ್ಚು ಹಾಳಾಗುತ್ತದೆ. ಕೊನೆಗೆ ಗ್ಯಾಸ್ಟ್ರಿಕ್ ಎಂದೇ ಸಾಬೀತಾದರೆ ನಾವು ಬೇಸರಪಟ್ಟುಕೊಳ್ಳುವುದಿಲ್ಲ. ಅಂಗಿಗೆ ಇಸ್ತ್ರಿ ಇಲ್ಲದಿದ್ದರೂ ಆಸ್ಪತ್ರೆಯವರು ಒಳಗೆ ಬಿಡುತ್ತಾರೆ.